ಸಾವಂತ್ರಿಯ ಸೂಟಿ

ಸಾವಂತ್ರಿಯನ್ನು ನಾನು ಆ ಮನೆಯ ಹಿತ್ತಲಲ್ಲಿ ನೋಡಿದ್ದೆ. ನೋಡಿಯೂ ನೋಡದವಳ ಹಾಗೆ ಹಿಂದೆ ಸರಿದು, ಸುತ್ತು ಹಾಕಿ ಮುಂಬಾಗಿಲಿಗೆ ಹೋಗಿ, "ಯಾರದೀರ್ರೀ ಒಳಗ?" ಎಂದು ಕೂಗಿದೆ. ನನ್ನ ದನಿ ಎಂದೂ ಅಷ್ಟು ದೊಡ್ಡದಾಗಿ ಎದ್ದಿರಲಿಲ್ಲ. ಅವರು ಹುಡುಗಿಯ ಕೈ ತೊಳೆಸಿ, ತಲೆ ಬಾಚಿ, ಮುಂದೆ ತಂದು ನಿಲ್ಲಿಸಲಿ, ಅದಕ್ಕೆ ಸಮಯ ಸಿಗಲಿ ಎಂದೇ ಹಾಗೆ ಕೂಗಿದ್ದು. ಇದನ್ನು ನಿಮ್ಮವ್ವನಿಗೂ ನಾನು ಹೇಳಿಲ್ಲ.

ಮಕ್ಕಳೇ, ನೀವು ಶಾಲೆಯ ಸೂಟಿಗೆ ಇಲ್ಲಿಗೆ ಬಂದಾಗಲೆಲ್ಲ ಓಣಿಯ ಹುಡುಗರ ಮುಂದೆ ಜಂಬ ಕೊಚ್ಚುತ್ತೀರಿ — "ನಮ್ಮಜ್ಜಿ ಅವ್ವ-ಅಪ್ಪ ಇಲ್ಲದ ಹುಡುಗರನ್ನ ಟ್ರಿಪ್ಪಿಗೆ ಕರ್ಕೊಂಡು ಹೋಗ್ತಿದ್ಲು." ಒಳಗೆ ರೊಟ್ಟಿ ಬಡಿಯುತ್ತ ನಾನು ಕೇಳಿಸಿಕೊಳ್ಳುತ್ತೇನೆ. ಎದುರು ಕೂರಿಸಿಕೊಂಡು ಹೇಳೋಣವೆಂದರೆ ಬಾಯಿ ಬರುವುದಿಲ್ಲ. ನಾನು ಮೊದಲಿನಿಂದಲೂ ಮಾತಿಗೆ ಹೆದರುವವಳು. ಅದಕ್ಕೇ ಬರೆಯುತ್ತಿದ್ದೇನೆ. ದೇಗಾಂವದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದು. ತಪ್ಪಿದ್ದಲ್ಲಿ ತಿದ್ದಿ ಓದಿಕೊಳ್ಳಿರಿ.

ನಿಮ್ಮಜ್ಜ ತೀರಿಕೊಂಡ ಮೇಲೆ ನಿಮ್ಮವ್ವನನ್ನು ದೇಗಾಂವದಲ್ಲಿ ನನ್ನ ತವರಿನವರ ಹತ್ತಿರ ಬಿಟ್ಟು, ನಾನು ಬೈಲಹೊಂಗಲದ ಹೊರಗಿದ್ದ ಮಕ್ಕಳ ವಸತಿಗೃಹಕ್ಕೆ ಅಡುಗೆಯವಳಾಗಿ ಸೇರಿದೆ. ದಿನ ಕಳೆದಂತೆ ಅಲ್ಲಿಯ ಮೇಲ್ವಿಚಾರಕರು, ನಾವೆಲ್ಲ ಸರ್ ಎನ್ನುತ್ತಿದ್ದವರು, ಇನ್ನೊಂದು ಕೆಲಸವನ್ನೂ ನನ್ನ ಮೇಲೆ ಹಾಕಿದರು. ದೀಪಾವಳಿಗೂ ಬೇಸಿಗೆಗೂ ಶಾಲೆ ಸೂಟಿ ಬಿಟ್ಟಾಗ ಮಕ್ಕಳೆಲ್ಲ ಸಂಬಂಧಿಕರ ಊರಿಗೆ ಹೋಗುತ್ತಿದ್ದರು. ಯಾರೂ ಕರೆಯಲು ಬಾರದ ನಾಲ್ಕೈದು ಮಕ್ಕಳು ಪ್ರತಿ ಸಲ ಉಳಿಯುತ್ತಿದ್ದವು. ಸುತ್ತಲಿನ ಹಳ್ಳಿಗಳ ಅನುಕೂಲಸ್ಥರ ಮನೆಗೆ ಹೋಗಿ, "ಸೂಟಿ ಮುಗಿಯೂತನ ಒಂದು ಕೂಸನ್ನ ಇಟ್ಕೋರಿ" ಎಂದು ಕೇಳಿ ಆ ಮಕ್ಕಳನ್ನು ಬಿಟ್ಟು ಬರಬೇಕು. ವರ್ಷಕ್ಕೊಂದು ಪ್ರವಾಸವನ್ನೂ ನಾನೇ ಹೊಂದಿಸಬೇಕು.

ಎಂ.ಕೆ. ಹುಬ್ಬಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ ಕಬ್ಬು ಬೆಳೆಯುವ ಗೌಡರ ಮನೆ. ಅವರದೊಂದು ಸಣ್ಣ ಬಸ್ಸಿತ್ತು. ಮದುವೆ ದಿಬ್ಬಣಗಳಿಗೆ ಬಾಡಿಗೆ ಬಿಡುತ್ತಿದ್ದರು. ಪ್ರವಾಸಕ್ಕೆ ಅದನ್ನು ನಮಗೆ ಪುಕ್ಕಟೆ ಕೊಡುತ್ತಿದ್ದರು. ಆದರೆ ಲಗ್ನವಿದ್ದ ದಿನ ಬಸ್ಸು ಸಿಗುವುದಿಲ್ಲ. ಆದ್ದರಿಂದ ನಾನು ಕ್ಯಾಲೆಂಡರ್ ತಿರುವಿ, ಯಾರೂ ಮದುವೆಯಾಗದ ದಿನವನ್ನು ಹುಡುಕುತ್ತಿದ್ದೆ. ಆಷಾಢದಲ್ಲಿ ಇಡೀ ತಿಂಗಳು ಲಗ್ನವಿಲ್ಲ. ಹೀಗಾಗಿ ನಮ್ಮ ಮಕ್ಕಳ ಪ್ರವಾಸ ಯಾವಾಗಲೂ ಆಷಾಢದ್ದೇ. ಬಸ್ಸಿನ ಸೀಟುಗಳ ಸಂದಿಯಲ್ಲಿ ಹಿಂದಿನ ತಿಂಗಳ ಮದುವೆಯ ಅಕ್ಷತೆ ಕಾಳು ಸಿಕ್ಕಿಕೊಂಡಿರುತ್ತಿದ್ದವು. ಹುಡುಗಿಯರು ಅವನ್ನು ಆರಿಸಿ ಒಬ್ಬರ ತಲೆಯ ಮೇಲೊಬ್ಬರು ಹಾಕುತ್ತಿದ್ದರು.

"ಆಷಾಢದಾಗ ಯಾರದರ‍್ಲೇ ಲಗ್ನ?" ಎಂದು ಡ್ರೈವರ್ ಮಲ್ಲಪ್ಪ ಕನ್ನಡಿಯಲ್ಲಿ ನೋಡಿ ಗದರುತ್ತಿದ್ದ.

"ನಿಂದ ಐತಿ ಮಾಮಾ! ನಿನಗ ಬ್ಯಾರೆ ದಿನಾ ಯಾರೂ ಹೆಣ್ಣ ಕೊಡಂಗಿಲ್ಲಂತ!"

ಹಾಗೆ ಕೂಗಿದವಳು ಸಾವಂತ್ರಿ. ಕಟಕೋಳ ಕಡೆಯವಳು. ತಾಯಿ ಸತ್ತಿದ್ದಳು, ತಂದೆ ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಯೊಬ್ಬಳು ತಂದು ಬಿಟ್ಟು ಹೋದವಳು ಮತ್ತೆ ಬರಲಿಲ್ಲ. ಆಗ ಆಕೆಗೆ ಹತ್ತು ವರ್ಷ. ಸವದತ್ತಿಯ ಕೋಟೆ, ನವಿಲುತೀರ್ಥದ ಅಣೆಕಟ್ಟು ನೋಡಿ ಬಂದ ಆ ದಿನ ಆಕೆ ಬಾಯಿ ಮುಚ್ಚಿದ್ದನ್ನು ನಾನು ಕಾಣಲಿಲ್ಲ.

ಆ ವರ್ಷದ ದೀಪಾವಳಿಗೆ ಗೌಡರ ಹೆಂಡತಿ ತಾನಾಗಿಯೇ ಬಂದು ಸಾವಂತ್ರಿಯನ್ನು ಆರಿಸಿಕೊಂಡಳು. ಗೌಡರ ಹೆಂಡತಿಯನ್ನು ನಾವೆಲ್ಲ ಗೌಡಸಾನಿ ಎನ್ನುತ್ತಿದ್ದೆವು. "ಚೂಟಿ ಅದಾಳ. ಮಗಳಂಗ ನೋಡ್ಕೋತೀವಿ, ಗೌರಕ್ಕಾ" ಎಂದಳು. ಸೂಟಿ ಮುಗಿದ ಮೇಲೆ ಸಾವಂತ್ರಿ ಹೊಸ ಫ್ರಾಕು ಹಾಕಿಕೊಂಡು ಮರಳಿದಳು. ಬೆರಳ ಸಂದಿಯ ಚರ್ಮ ಬಿಳುಚಿ ಸುಲಿದಿತ್ತು.

"ಹೆಂಗಿತ್ತವಾ?"

"ಚಲೋ ಇತ್ರೀ."

ಅಷ್ಟೇ. ನಾನೂ ಮುಂದೆ ಕೇಳಲಿಲ್ಲ. ಸೋಡಾ ಹಾಕಿ ಬಟ್ಟೆ ಒಗೆದ ಕೈ ಹೇಗಿರುತ್ತದೆಂದು ಅಡುಗೆಮನೆಯಲ್ಲಿ ಬದುಕಿದವಳಿಗೆ ಗೊತ್ತಿಲ್ಲವೇ — ಆದರೂ ಕೇಳಲಿಲ್ಲ.

ಬೇಸಿಗೆಯಲ್ಲಿ ಮತ್ತೆ ಕಳಿಸಿದೆ. ಸೂಟಿ ಮುಗಿಯಲು ಇನ್ನೂ ಕೆಲವು ದಿನ ಇರುವಾಗ ದೇಗಾಂವದಿಂದ ಬೈಲಹೊಂಗಲಕ್ಕೆ ಹೊರಟ ನಾನು, ಹುಡುಗಿಯನ್ನೂ ಕರೆದುಕೊಂಡು ಹೋಗೋಣವೆಂದು ಹೇಳದೆ ಕೇಳದೆ ಗೌಡರ ಹಳ್ಳಿಯಲ್ಲಿ ಬಸ್ಸು ಇಳಿದೆ. ಬಿಸಿಲು ಜೋರಿತ್ತು, ನೆರಳು ಹಿಡಿದು ಹಿತ್ತಲ ಗೋಡೆಗುಂಟ ಬಂದೆ. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಗೌಡರ ತಾಯಿ ಮಲಗಿದ್ದಳು. ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿದ್ದ ಮುದುಕಿ. ಸಾವಂತ್ರಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಆಕೆಯನ್ನು ಒರೆಸುತ್ತಿದ್ದಳು. ತಿರುಗಿಸಲು ಶಕ್ತಿ ಸಾಲದೆ ತನ್ನ ಹೆಗಲನ್ನು ಮುದುಕಿಯ ಬೆನ್ನಿಗೆ ಕೊಟ್ಟು ಒತ್ತುತ್ತಿದ್ದಳು. ಒಗೆಯುವ ಕಲ್ಲಿನ ಹತ್ತಿರ ಮುದುಕಿ ಹಾಸಿ ಹೊದ್ದು ಹೊಲಸಾದ ಕೌದಿಗಳ ರಾಶಿ. ಒಳಗಿನಿಂದ ಗೌಡಸಾನಿಯ ದನಿ ಬಂತು: "ಇನ್ನೂ ಆಗಲಿಲ್ಲೇನ? ಉಣ್ಣೂದು ಆಮ್ಯಾಲ, ಮದಲ ಕೌದಿ ಒಕ್ಕೊಂಡು ಬಾ!"

ಆಗ ನನಗೆ ಎಲ್ಲವೂ ತಿಳಿಯಿತು. ಮುದುಕಿಯನ್ನು ನೋಡಿಕೊಳ್ಳುವ ಆಳು ಹೆಂಗಸು ಹಬ್ಬಕ್ಕೆ, ಬೇಸಿಗೆಯ ಲಗ್ನಗಳಿಗೆ ತನ್ನ ಊರಿಗೆ ಹೋಗುತ್ತಾಳೆ. ಹೋಗಲು ಊರಿಲ್ಲದವಳು ಬೇಕಿತ್ತು ಅವರಿಗೆ. ಅಂಥವಳನ್ನು ನಾನು ಕೈ ಹಿಡಿದು ಕರೆತಂದು ಕೊಟ್ಟಿದ್ದೆ.

ನಾನು ಹಿತ್ತಲ ಬಾಗಿಲು ತಳ್ಳಿ ಒಳಗೆ ಹೋಗಬಹುದಿತ್ತು. ಗೌಡಸಾನಿಗೆ ಏನೂ ಅನ್ನದೆ, ಬರೀ ಹುಡುಗಿಯ ಕೈ ಹಿಡಿದು ಹೊರಗೆ ಬಂದಿದ್ದರೂ ಸಾಕಿತ್ತು. ನಾನು ಮಾಡಿದ್ದೇನೆಂದು ಮೊದಲೇ ಬರೆದಿದ್ದೇನೆ. ಮುಂಬಾಗಿಲಿನಲ್ಲಿ ಬೆಲ್ಲದ ಪಾನಕ ಕೊಟ್ಟರು, ಕುಡಿದೆ. ಸಾವಂತ್ರಿ ಕ್ರಾಪು ತೀಡಿಕೊಂಡು ಬಂದು ನಿಂತಳು. ಆಕೆಯ ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಏನೂ ಕಾಣದವಳ ಹಾಗೆ ಆಕೆಯನ್ನು ಕರೆದುಕೊಂಡು ಬೈಲಹೊಂಗಲಕ್ಕೆ ಹೊರಟೆ.

ಆಷಾಢದಲ್ಲಿ ಬಸ್ಸು ಬಂತು. ಕಿತ್ತೂರಿನ ಕೋಟೆಗೆ ಹೋಗಿ ಬಂದೆವು. ಮಕ್ಕಳು ಗಂಟಲು ಹರಿಯುವ ಹಾಗೆ ಹಾಡಿದರು. ನಾನೂ ನಕ್ಕೆ.

ಅದೇ ವರ್ಷ ದೀಪಾವಳಿ ಹತ್ತಿರ ಬಂದಾಗ, ಒಂದು ಮಧ್ಯಾಹ್ನ ಸಾವಂತ್ರಿ ಅಡುಗೆಮನೆಗೆ ಬಂದು ನನ್ನ ಜೊತೆ ಜೋಳ ಹಸನು ಮಾಡಲು ಕುಳಿತಳು. ಕಲ್ಲು ಆರಿಸುತ್ತ ಹೇಳಿದಳು: "ಅಕ್ಕಾರ, ಈ ಸಲ ನಾ ಇಲ್ಲೇ ಇರ್ತೇನ್ರಿ."

"ಯಾಕ?"

"ಸುಮ್ನ. ಇಲ್ಲೇ ಚಲೋ ಅನಸ್ತೈತ್ರಿ."

ಆಕೆ ವಸತಿಗೃಹದಲ್ಲೇ ಉಳಿದರೆ ನಾನೂ ಉಳಿಯಬೇಕು. ಸೂಟಿಯಲ್ಲಿ ವಸತಿಗೃಹದ ಒಲೆ ಆರುತ್ತಿತ್ತು. ಹುಡುಗಿಯೊಬ್ಬಳನ್ನೇ ಬಿಡುವ ಹಾಗಿರಲಿಲ್ಲ. ದೇಗಾಂವದಲ್ಲಿ ನಿಮ್ಮವ್ವ ನನ್ನ ದಾರಿ ಕಾಯುತ್ತಿದ್ದಳು ಎಂದು ಬರೆದರೆ ನೀವು ನನ್ನನ್ನು ಮನ್ನಿಸಿಬಿಡುತ್ತೀರಿ. ಅದೂ ಇತ್ತು. ಆದರೆ ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಮಂದಿಯ ಮಕ್ಕಳ ಹೇನು, ಜ್ವರ, ಅಳು, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆ ಎನ್ನುವ ಜಗಳ — ವರ್ಷಪೂರ್ತಿ ಅದೇ. ನನಗೊಂದು ಸೂಟಿ ಬೇಕಾಗಿತ್ತು. ಸಾವಂತ್ರಿಯನ್ನು ದೇಗಾಂವಕ್ಕೇ ಕರೆದೊಯ್ಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕರೆದೊಯ್ಯಬಹುದಿತ್ತು. ರೊಟ್ಟಿಗೆ ಕೊರತೆ ಇರಲಿಲ್ಲ.

ನಾನು ಜೋಳದಿಂದ ಕಣ್ಣು ಎತ್ತದೆ ಹೇಳಿದೆ — "ನೀ ಹ್ವಾದ್ರ ಅವರು ಬಸ್ ಕೊಡ್ತಾರವಾ. ನೀ ಒಲ್ಲೆ ಅಂದ್ರ ಈ ಹುಡುಗೂರೆಲ್ಲಾ ಟ್ರಿಪ್ಪಿಗೆ ಹೆಂಗ ಹೋಗಬೇಕು?"

ಹನ್ನೊಂದು ವರ್ಷದ ಹುಡುಗಿಗೆ.

ಆಕೆ ಮೊರದಲ್ಲಿದ್ದ ಕಲ್ಲು ಆರಿಸಿ ಮುಗಿಸಿದಳು. "ಆತ್ರಿ, ಹೋಗ್ತೇನ್ರಿ" ಎಂದು ಎದ್ದಳು. ಮುದುಕಿ ಸಾಯುವವರೆಗೆ ಪ್ರತಿ ಸೂಟಿಗೂ ಹೋದಳು. ನಾನು ಮತ್ತೆಂದೂ ಆ ಹಿತ್ತಲ ಕಡೆಯಿಂದ ಹೋಗಲಿಲ್ಲ.

ಮುದುಕಿ ತೀರಿದ ಮೇಲೆ ಗೌಡಸಾನಿ ಹೇಳಿ ಕಳಿಸಿದಳು: "ಈ ಸಲ ಹುಡುಗಿ ಬ್ಯಾಡ್ರಿ, ಮನ್ಯಾಗ ಅಡಚಣಿ ಐತಿ." ಮುಗಿಯಿತು, ಮಗಳು ಬೇಡವಾದಳು. ಆ ಆಷಾಢದಲ್ಲಿ ಬಸ್ಸು ಸಿಗುವುದಿಲ್ಲ ಎಂದುಕೊಂಡು ನಾನು ಅಂಜುತ್ತ ಗೌಡರನ್ನು ಕೇಳಲು ಹೋದೆ. ಅವರು ಎಲೆ ಅಡಿಕೆ ಅಗಿಯುತ್ತ ಕುಳಿತಿದ್ದರು. "ಇದನ್ನೇನ ಕೇಳ್ತೀ ಗೌರಕ್ಕಾ? ವರ್ಷಾ ವರ್ಷಾ ಕೊಡಾಕತ್ತೇವಲ್ಲ, ಒಯ್ಯಿ" ಎಂದರು. ಅವರ ಹೆಂಡತಿ ಹುಡುಗಿಯನ್ನು ಕೇಳಿದ್ದಳು. ಅವರು ಬಸ್ಸು ಕೊಟ್ಟಿದ್ದರು. ಎರಡನ್ನೂ ಒಂದಕ್ಕೊಂದು ಗಂಟು ಹಾಕಿದವಳು ನಾನು. ಅಂಥ ಕರಾರನ್ನು ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ನಾನು ಒಂದೇ ಒಂದು ಸಲ ಬಾಯಿ ಬಿಟ್ಟು ಕೇಳಿದ್ದರೆ — ಇರಲಿ. ಕೇಳಲಿಲ್ಲ.

ಸಾವಂತ್ರಿ ಹತ್ತನೆಯ ಇಯತ್ತೆ ಪಾಸಾಗಿ, ಹೊಲಿಗೆ ಕಲಿತು, ರಾಮದುರ್ಗದಲ್ಲಿ ಮದುವೆಯಾಗಿ ನೆಲೆಸಿದಳು. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಆಕೆ ನನಗೆ ಫೋನ್ ಮಾಡುತ್ತಿದ್ದಳು. ಯಾರದಾದರೂ ಕೈಯಲ್ಲಿ ಶೇಂಗಾ ಉಂಡಿ ಕಳಿಸುತ್ತಿದ್ದಳು. ನೀವು ಬಡಿದಾಡಿಕೊಂಡು ತಿಂದದ್ದು ಅವೇ ಉಂಡಿಗಳನ್ನು. ನಾನು ಮಾತ್ರ ಒಂದನ್ನೂ ಮುಟ್ಟುತ್ತಿರಲಿಲ್ಲ. ಕೊನೆಗೆ ಈ ಸಲ, ಹಬ್ಬ ಮುಗಿದ ಮೇಲೆ, ಹೇಳಿಯೇ ಬಿಡೋಣವೆಂದು ರಾಮದುರ್ಗದ ಬಸ್ಸು ಹತ್ತಿದೆ.

ನನ್ನನ್ನು ಕಂಡು ಹೊಲಿಗೆ ಯಂತ್ರದಿಂದ ಎದ್ದು ಓಡಿ ಬಂದಳು. ಬಾಗಿಲಲ್ಲಿದ್ದ ನೆರೆಮನೆಯವಳಿಗೆ ಕೂಗಿ ಹೇಳಿದಳು: "ಇವರ ನೋಡಬೇ ನಮ್ಮ ಅಕ್ಕಾರು! ನನ್ನ ಬೆಳಸಿದವರು. ನನಗ ತವರ ಅಂದ್ರ ಇವರ!"

ಚಹಾ ಕೊಟ್ಟಳು. ನಾನು ಬಟ್ಟಲು ಕೆಳಗಿಟ್ಟು ಹೇಳಿದೆ. ಹಿತ್ತಲು, ಹೊರಸು, ಕೌದಿ. ಬಸ್ಸಿನ ಮಾತು ಸುಳ್ಳಾಗಿತ್ತು ಎಂಬುದನ್ನೂ ಹೇಳಿದೆ. ಆಕೆ ಕೈಯಲ್ಲಿದ್ದ ಬ್ಲೌಸಿನ ದಾರ ಕತ್ತರಿಸುತ್ತ ಕೇಳಿದಳು. ಆಮೇಲೆ ಕತ್ತರಿ ನಿಂತಿತು.

"ಅವತ್ತ ನೀವು ನೋಡಿದ್ರೇನ್ರಿ?"

"ನೋಡಿದ್ದೆನವಾ."

"ನಾ ಇಷ್ಟ ದಿನಾ ನಿಮಗ ಗೊತ್ತಿಲ್ಲ ಅಂತ ತಿಳದಿದ್ದೆನ್ರಿ." ನನ್ನತ್ತ ನೋಡದೆ ಹೇಳಿದಳು: "ಅಲ್ಲಿ ರಾತ್ರಿ ಮಲಗುಮುಂದ ಅದನ್ನ ಅನ್ಕೋತಿದ್ನಿ. ಅಕ್ಕಾರಿಗೆ ಗೊತ್ತಾದ್ರ ಮರುದಿನಾನ ಬಂದು ಕರ್ಕೊಂಡು ಹೋಗ್ತಾರ ಅಂತ."

ಹಗುರಾಗಬೇಕೆಂದು ಹೋದವಳು ನಾನು. ಆ ಮನೆಯಲ್ಲಿ ಒಂದು ಕೂಸಿಗೆ ಹಿಡಿದುಕೊಳ್ಳಲು ಇದ್ದದ್ದು ಅದೊಂದೇ ನಂಬಿಕೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು. ಅದನ್ನೂ ಕಿತ್ತುಕೊಂಡೆ. ಹೇಳದಿದ್ದರೆ ತಪ್ಪು, ಹೇಳಿದರೂ — ನನಗೆ ತಿಳಿಯದು. ಈಗಲೂ ತಿಳಿಯದು.

ಅಷ್ಟರಲ್ಲಿ ಆಕೆಯ ಮಗಳು ಶಾಲೆಯಿಂದ ಬಂತು. ಒಂದನೆಯ ಇಯತ್ತೆ. ಪಾಟೀಚೀಲ ಎಸೆದು, ತಾಯಿಯ ಸೆರಗಿನ ಹಿಂದೆ ನಿಂತು ನನ್ನನ್ನು ಇಣುಕಿ ನೋಡಿ ಕೇಳಿತು: "ಯವ್ವಾ, ಇವರ್ಯಾರ?"

ಸಾವಂತ್ರಿ ನನ್ನ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೊರಟಿದ್ದಳು.

"ನಮ್ಮ ಹಾಸ್ಟೆಲಿನ್ಯಾಗ ಅಡಗಿ ಮಾಡತಿದ್ರು."

ಅದು ಖರೆ. ಮಕ್ಕಳೇ, ನಿಮ್ಮಜ್ಜಿ ಏನು ಮಾಡುತ್ತಿದ್ದಳೆಂದು ಓಣಿಯಲ್ಲಿ ಯಾರಾದರೂ ಕೇಳಿದರೆ, ಇನ್ನು ಮೇಲೆ ನೀವೂ ಅಷ್ಟೇ ಹೇಳಿರಿ.