ಛತ್ರಿ ಕಡ್ಡಿಯ ಮೇಲೆ ಕೂತ ಗಿರಾಕಿ

ಫೋಟೋ ಸ್ಟುಡಿಯೋದ ಯಜಮಾನರ ಬಿಳಿ ಪಂಚೆಗಳಿಗೆಲ್ಲ ಮಂಡಿಯ ಹತ್ತಿರ ಹುಲ್ಲಿನ ಹಸಿರು ಕಲೆ. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ದಾವಣಗೆರೆಯಲ್ಲಿ ಅವರ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಮಿಲ್ಲಿನ ಕಚೇರಿಯಲ್ಲಿ ಗುಮಾಸ್ತ. ವಾರವೆಲ್ಲ ಅವರು ಮದುವೆ ಜೋಡಿಗಳನ್ನು ಕೂರಿಸಿ "ಉಸಿರು ಬಿಗಿ ಹಿಡೀರಿ" ಎನ್ನುತ್ತಿದ್ದರು. ಭಾನುವಾರ ಬೆಳಗಿನ ರೈಲಿಗೆ ಹರಿಹರಕ್ಕೆ ಹೋಗಿ, ಹೊಳೆದಂಡೆಯ ಗಿಡಗಳ ಮುಂದೆ ಮಂಡಿಯೂರಿ, ಅದೇ ಮರದ ಕ್ಯಾಮೆರಾದಲ್ಲಿ ಹುಳ, ಜೇಡಗಳ ಚಿತ್ರ ತೆಗೆಯುತ್ತಿದ್ದರು. ಜೇಡಕ್ಕೂ ಅದೇ ಮಾತು: "ಉಸಿರು ಬಿಗಿ ಹಿಡಿಯವ್ವ."

ನಾನೂ ಜೊತೆಗೆ ಹೋಗಿ ಕ್ಯಾಮೆರಾದ ಮುಕ್ಕಾಲಿ ಹೊರುತ್ತಿದ್ದೆ, ಡೈರಿಯಲ್ಲಿ ಎಣಿಕೆ ಇಡುತ್ತಿದ್ದೆ. ಚಿತ್ರ ಮೂಡುವ ಗಾಜಿನ ಪ್ಲೇಟು ಕೆಟ್ಟ ಕಾರಣಕ್ಕೆ ಮೂರು ಕಾಲಂ: ಗಾಳಿ, ಹುಳ ಸರಿದದ್ದು, ಫೋಕಸ್.

ಅವರಿಗೆ ಬೇಕಿದ್ದದ್ದು ಒಂದೇ ಚಿತ್ರ. ನೆಗೆಯುವ ಪುಟ್ಟ ಜೇಡಕ್ಕೆ ಮುಂದುಗಡೆ ನಾಲ್ಕು ಕಣ್ಣು ಸಾಲಾಗಿರುತ್ತವೆ. ನಾಲ್ಕೂ ಸ್ಪಷ್ಟವಾಗಿ ಮೂಡಬೇಕು. ಕಾಳಿನಷ್ಟು ಜೀವ. ಕೂದಲೆಳೆಯಷ್ಟು ತಪ್ಪಿದರೂ ಕಣ್ಣು ಮಸುಕಾಗಿ ಬೆನ್ನಿನ ರೋಮ ಚೂಪಾಗಿ ಬರುತ್ತಿತ್ತು. ಎರಡನೆಯ ಚಳಿಗಾಲಕ್ಕೆ ಮೂವತ್ತಾರು ಪ್ಲೇಟು ಕೆಟ್ಟಿದ್ದವು.

"ಗಾಳಿ ಅಂತ ಬರ್ಕೊಳ್ರಿ, ಡೈರಿ ಸಾಹೇಬ್ರ" ಎನ್ನುತ್ತಿದ್ದರು. ಎಲೆ ಅಲುಗಿರದಿದ್ದರೆ ನಾನು ಫೋಕಸ್ ಎಂದೇ ಬರೆಯುತ್ತಿದ್ದೆ. ಒಮ್ಮೆ ಅವರೇ ಪುಟ ತಿರುವಿದರು.

"ಯಾಕ್ರಿ, ಕಡೇ ಹತ್ತೂ ಫೋಕಸ್ಸೇ ಐತಲ್ಲ?"

ಅವರು ಡೈರಿ ಮುಚ್ಚಿ ನನ್ನ ಕೈಗಿಟ್ಟರು.

"ನನಗ ಮದುವಿ ಜೋಡಿ ಇನ್ನೂ ಕಾಣ್ತೈತೆ. ಜೇಡನ ಕಣ್ಣು ಕಾಣಂಗಿಲ್ಲ. ಗಿರಾಕಿಗಳಿಗೆ ಹೇಳಬ್ಯಾಡ್ರಿ ಮತ್ತ."

ಆ ವಾರವೇ ಮುರಿದ ಛತ್ರಿಯ ಕಡ್ಡಿಯೊಂದನ್ನು ಲೆನ್ಸಿನ ಕೆಳಗೆ, ಮುಂದಕ್ಕೆ ಚಾಚುವಂತೆ ಕಟ್ಟಿದರು. ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಕಡ್ಡಿಯ ತುದಿ ಸ್ಪಷ್ಟವಾಗಿ ಕಂಡಾಗ ನಾನು ಹೇಳಿದೆ. ಅಲ್ಲಿಗೇ ಫೋಕಸ್ಸಿನ ತಿರುಪು ಬಿಗಿದರು. ಇನ್ನು ಕಣ್ಣಿನ ಹಂಗಿಲ್ಲ. ಆ ತುದಿಯ ಪಕ್ಕಕ್ಕೆ ಜೇಡ ಬಂದಾಗ ಚಿತ್ರ ತೆಗೆಯುವ ರಬ್ಬರ್ ಬುರುಡೆ ಒತ್ತಿದರಾಯಿತು.

ಭಾನುವಾರ ಹೊಳೆದಂಡೆಯಲ್ಲಿ ಪ್ಲೇಟು ಹಾಕಿ ಕಾದೆವು. ಬಟ್ಟೆ ಒಗೆಯುತ್ತಿದ್ದವಳೊಬ್ಬಳು, "ಏನಜ್ಜಾ, ಗಿಡಕ್ಕ ಮದುವಿ ಐತೇನು?" ಎಂದು ನಕ್ಕಳು.

"ಹ್ಞೂನವ್ವ, ಹೆಣ್ಣು ಇನ್ನೂ ಬಂದಿಲ್ಲ."

ಜೇಡ ಎಲೆಯಂಚಿಗೆ ಬಂತು. ಕಡ್ಡಿಯನ್ನು ನೋಡಿತು. ಟಣ್ಣನೆ ಅದರ ತುದಿಗೇ ಹಾರಿ ಕೂತು ಲೆನ್ಸಿನ ಕಡೆ ತಿರುಗಿತು.

"ಕುಂತ್ಳಾ?"

"ಕಡ್ಡಿ ಮ್ಯಾಲೇ ಕುಂತಾಳ್ರಿ, ಒತ್ರಿ!"

ದೊಡ್ಡದು ಮಾಡಿದ ಚಿತ್ರದ ಮೇಲೆ ಅವರು ಬೆರಳಿಟ್ಟು ಎಣಿಸಿದರು. ನಾಲ್ಕೂ ಇದ್ದವು. "ಕಾರಣ ಏನು ಬರೀತೀರಿ?"

"ಸರಿ ಬಂದದ್ದಕ್ಕೆ ಕಾರಣ ಬರಿಯಂಗಿಲ್ರಿ, ಯಜಮಾನ್ರೇ."

"ಕೆಟ್ಟಿದ್ದಕ್ಕಷ್ಟೇ ಏನು? ತರ್ರಿ ಇಲ್ಲಿ." ಡೈರಿ ಎಳೆದುಕೊಂಡು ದೊಡ್ಡ ಅಕ್ಷರಗಳಲ್ಲಿ ಬರೆದರು: ಜೇಡನ ಉಪಕಾರ.

ಅವರು ತೀರಿಹೋಗಿ ಎರಡು ವರ್ಷವಾಯಿತು. ಕಳೆದ ಭಾನುವಾರ ಹರಿಹರದಲ್ಲಿ ಅವರ ಕ್ಯಾಮೆರಾ ಹಿಡಿದು ನಾನೇ ತೆಗೆದ ಜೇಡ ಮೊದಲ ಸಲ ಸ್ಪಷ್ಟವಾಗಿ ಬಂತು. ಕಾರಣದ ಜಾಗದಲ್ಲಿ ಬರೆದೆ: ಛತ್ರಿ ಕಡ್ಡಿ, ಯಜಮಾನರದು.