ಕುರಿಗೆಂದು ತಂದ ಉಪ್ಪು

ಫ್ಯಾಕ್ಟರಿ ಬಸ್ಸಿಳಿದು ಮನೆಗೆ ಬಂದಾಗ ಮಾವ ಕುರಿ ರೊಪ್ಪದಲ್ಲಿ ಕೂತು, ಅಂಗೈಯಲ್ಲಿ ಕಲ್ಲುಪ್ಪು ಹಿಡಿದು ಕುರಿಗಳಿಗೆ ನೆಕ್ಕಿಸುತ್ತಿದ್ದರು. ಸುತ್ತಲ ಬಯಲೆಲ್ಲ ಕಾರ್ಖಾನೆಗಳಿಗೆ ಹೋದ ಮೇಲೂ ಅವರು ಬಿಡದೆ ಉಳಿಸಿಕೊಂಡ ಕುರಿಗಳವು. ಎಲ್ಲ ನೆಕ್ಕಿ ಮುಗಿದ ಮೇಲೆ ಮಾವ ಅತ್ತಿತ್ತ ನೋಡಿ, ಪೊಟ್ಟಣದಿಂದ ಒಂದಿಷ್ಟು ಹರಳು ತೆಗೆದು ತಮ್ಮ ಬಾಯಿಗೇ ಹಾಕಿಕೊಂಡರು.

ನನ್ನ ಎದೆ ಧಸಕ್ಕೆಂದಿತು. ಮಾವನ ಬಿಪಿ ಇಳಿಯುತ್ತಲೇ ಇಲ್ಲ, ಹೀಗೇ ಇದ್ದರೆ ಲಕ್ವ ಹೊಡೆದೀತು ಎಂದು ಮಾಗಡಿಯ ಡಾಕ್ಟರು ಹಿಂದಿನ ದಿನವಷ್ಟೇ ಹೇಳಿದ್ದರು. ಉಪ್ಪಿನಕಾಯಿ, ಹಪ್ಪಳ ಬಿಡಿಸಿ, ಸಪ್ಪೆ ಸಾರು ಮಾಡಿ, ಮಾತ್ರೆಯನ್ನೂ ಕೈಯಾರೆ ಕೊಡುತ್ತಿದ್ದೆ. ಎಲ್ಲಿ ತಪ್ಪುತ್ತಿದೆ ಎಂದು ಕೆಲಸದ ನಡುವೆಯೂ ಅದೇ ಯೋಚನೆಯಾಗಿತ್ತು.

"ಏನ್ ಮಾವ ಇದು?" ಎಂದೆ.

ಮಾವ ಗಾಬರಿಯಾಗಲಿಲ್ಲ. "ಡಾಕ್ಟ್ರು ಸಾರ್ಗೆ ಹಾಕ್ಬ್ಯಾಡಿ ಅಂದವ್ರೆ. ಇದು ಕುರಿ ಉಪ್ಪಲ್ವಾ? ಸಪ್ಪೆ ಸಾರಲ್ಲಿ ಮುದ್ದೆ ಇಳಿಯಾಕಿಲ್ಲ ಕಣವ್ವ. ಒಸಿ ನಾಲಿಗೆ ಮೇಲಿಟ್ಕಂಡ್ರೆ ಜೀವ ಬಂದಂಗಾಯ್ತದೆ" ಎಂದರು.

ಈಗ ಸಾರಿಗೆ ನಿಂಬೆರಸ, ಮೆಣಸು ಹಾಕಿ ರುಚಿ ತರಲು ಹೆಣಗುತ್ತೇನೆ. ಉಪ್ಪಿನ ಪೊಟ್ಟಣ ನನ್ನ ಬಳಿಯೇ ಇರುತ್ತದೆ, ಕುರಿಗಳಿಗೆ ನೆಕ್ಕಿಸುವುದೂ ನಾನೇ. ಮಾವ ಬಂದು ಸುಮ್ಮನೆ ಬೇಲಿ ಹಿಡಿದು ನಿಲ್ಲುತ್ತಾರೆ. ಅಭ್ಯಾಸ ಬಿಡದ ಕುರಿಗಳು ಅವರ ಬರಿಗೈಯನ್ನೂ ಒಮ್ಮೆ ನೆಕ್ಕಿ ನೋಡುತ್ತವೆ. ಯಾವುದಾದರೂ ಕುರಿ ಆ ಅಂಗೈಯನ್ನು ಒಂದು ಗಳಿಗೆ ಹೆಚ್ಚು ನೆಕ್ಕಿದರೂ ನನ್ನ ಎದೆ ಮತ್ತೆ ಹೊಡೆದುಕೊಳ್ಳುತ್ತದೆ.