ಗುಂಡಣ್ಣನವರ ಕೈ ಡ್ರಿಲ್ಲು
ಇನ್ನೂ ಕರೆಂಟು ಕಾಣದ ಜಯನಗರದ ಹೊಸ ಬೀದಿಯಲ್ಲಿ ಗುಂಡಣ್ಣನವರು ತಮ್ಮ ಕೈ ಡ್ರಿಲ್ಲನ್ನು ಸಾಕಿದ ಹಾಗೆ ಯಾರೂ ಮಗುವನ್ನೂ ಸಾಕಿರಲಾರರು. "ವೈರು ಬೇಡ, ಕರೆಂಟು ಬೇಡ, ಹಿಡಿ ತಿರುಗಿಸಿದರೆ ಸಾಕು ಸಾರ್" ಎಂದು ಬಂದವರ ಮುಂದೆಲ್ಲ ಹೊಗಳುವರು. ಭಾನುವಾರ ಅದರ ಹಲ್ಲುಚಕ್ರಕ್ಕೆ ಎಣ್ಣೆ, ಆಯುಧಪೂಜೆಗೆ ಕುಂಕುಮ, ಹೂವು. ಪಕ್ಕದ ಮನೆಯವರು ಎರವಲು ಕೇಳಿದರೆ ಮಾತ್ರ "ಮೊನೆ ಮೊಂಡಾಗುತ್ತೆ" ಎಂಬ ರಾಗ. ಅದು ಒಂದು ತೂತನ್ನೂ ಕೊರೆದದ್ದಿಲ್ಲ. ಬಚ್ಚಲ ಬಾಗಿಲಿಗೆ ಆಸರೆಗೊಂದು ಮರದ ಹಿಡಿ ಹಾಕಿಕೊಡಿ ಎಂದು ಹೆಂಡತಿ ಸತ್ಯಭಾಮಾ ವರ್ಷಗಟ್ಟಲೆ ಬೇಡಿದರೂ, "ಹಬ್ಬ ಕಳೀಲಿ ಕಣೇ" ಎನ್ನುತ್ತಲೇ ಇದ್ದರು ಪುಣ್ಯಾತ್ಮರು. ಆಕೆ ಅಲ್ಲೇ ಜಾರಿ, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ, ಡ್ರಿಲ್ಲು ಎತ್ತಿಕೊಂಡು ಬಂದು "ಇವತ್ತೇ ಹಾಕ್ತೀನಿ" ಎಂದರು. ಸತ್ಯಭಾಮಾ ಗೋಡೆಯ ಕಡೆ ಮುಖ ಮಾಡಿದರು. "ನಾನಿನ್ನು ಅಲ್ಲಿಗೆ ನಡೆದು ಹೋಗೋದುಂಟೇನೂಂದ್ರೆ? ನಿಮಗೂ ವಯಸ್ಸಾಯ್ತು, ನಿಮಗೋಸ್ಕರ ಹಾಕ್ಕೊಳ್ಳಿ."